ಸುಂಕದವರ ಮುಂದೆ ಸುಖದುಃಖ

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ ಎಂಬ ಮಾತು ಎತ್ತಿನ ಗಾಡಿಯ ಕಾಲದ್ದು. ಗಾಡಿ ಹೋಗಿ ವಿಮಾನ ಬಂದರೂ ಮಾತು ಮಾತ್ರ ಹಳತಾಗಿಲ್ಲ.

ತುಮಕೂರಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೂಡಿಟ್ಟ ಹಣದಲ್ಲಿ ತನ್ನ ಪುಟ್ಟ ದೂರದರ್ಶಕಕ್ಕೆಂದು ವಿದೇಶದ ಅಂಗಡಿಯೊಂದರಿಂದ ಆನ್‌ಲೈನ್‌ನಲ್ಲಿ ಮಸೂರ ತರಿಸಿದ. ನಾಲ್ಕೇ ದಿನದಲ್ಲಿ ಅದು ಬೆಂಗಳೂರಿಗೆ ಬಂದಿಳಿಯಿತು. ಆಮೇಲೆ ಒಂಬತ್ತು ದಿನ ಫೋನಿನಲ್ಲಿ ಒಂದೇ ಸಾಲು: ‘ಕಸ್ಟಮ್ಸ್‌ನಲ್ಲಿ ತಡೆಹಿಡಿಯಲಾಗಿದೆ.’ ಶಾಲೆಯ ವಿಜ್ಞಾನ ಪ್ರದರ್ಶನ ಹತ್ತಿರ ಬರುತ್ತಿತ್ತು. ‘ಕೈ ಬೆಚ್ಚಗೆ ಮಾಡದೆ ಬಿಡೋದಿಲ್ಲ, ನೋಡ್ತಿರಿ’ ಎಂದರು ಪಕ್ಕದ ಮನೆಯವರು. ಹುಡುಗನಿಗೆ ಊಟ ಸೇರದಾಯಿತು.

ನಿಜ ಸಂಗತಿ ಬೇರೆಯೇ ಇತ್ತು. ಪೊಟ್ಟಣದ ಮೇಲೆ ಮಾರಿದವನು ಬರೆದದ್ದು ‘ಬಿಡಿಭಾಗ’ ಎಂಬ ಒಂದೇ ಪದ. ಯಾವುದರ ಬಿಡಿಭಾಗ? ಖರೀದಿಯ ರಸೀದಿಯನ್ನೂ ಗುರುತಿನ ದಾಖಲೆಯನ್ನೂ ಕೇಳಿ ಕೊರಿಯರ್ ಸಂಸ್ಥೆ ಎರಡು ಬಾರಿ ತಂದೆಗೆ ಇ-ಮೇಲ್ ಕಳಿಸಿತ್ತು. ಕಸ್ಟಮ್ಸ್ ಹೆಸರಿನಲ್ಲಿ ನಡೆಯುವ ವಂಚನೆಗಳ ಸುದ್ದಿ ಓದಿದ್ದ ಅವರು ಎರಡನ್ನೂ ಅಳಿಸಿಹಾಕಿದ್ದರು. ಎಚ್ಚರಿಕೆಯೇನೋ ಸರಿಯೇ, ಅಂಥ ಪತ್ರದ ಕೊಂಡಿಯನ್ನು ಒತ್ತಬಾರದು, ಅದರ ಮೂಲಕ ಹಣ ಕಟ್ಟಬಾರದು. ಆದರೆ ಸಂಸ್ಥೆಯ ಜಾಲತಾಣಕ್ಕೆ ತಾವೇ ಹೋಗಿ ಪೊಟ್ಟಣದ ಸಂಖ್ಯೆ ಹಾಕಿ ನೋಡಬಹುದಿತ್ತು. ನೋಡಿದ್ದು ಹತ್ತನೇ ದಿನ. ದಾಖಲೆ ಸೇರಿದ ಮೂರನೇ ದಿನ ಮಸೂರ ಮನೆ ತಲುಪಿತು. ಪ್ರದರ್ಶನ ಅದರ ಹಿಂದಿನ ದಿನವೇ ಮುಗಿದಿತ್ತು.

ಪರದೇಶದ ವಸ್ತು ಒಳಗೆ ಬರುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು: ಇದು ಏನು, ಬೆಲೆ ಎಷ್ಟು, ತರಿಸಿದವರು ಯಾರು. ಬೆಲೆಗೆ ಸಾಗಣೆ ಮತ್ತು ವಿಮೆಯ ಖರ್ಚು ಸೇರಿಸಿ ಸುಂಕ ಹಾಕುತ್ತಾರೆ. ಆ ಸುಂಕವೂ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ. ಅಂಚೆಯಲ್ಲಿ ಬಂದ ಪೊಟ್ಟಣಕ್ಕೆ ಅಂಟಿಸಿದ ಸಿಎನ್ 22 ಅಥವಾ ಸಿಎನ್ 23 ಎಂಬ ನಮೂನೆ ಈ ವಿವರಗಳನ್ನು ಹೇಳುತ್ತದೆ.

‘ಉಡುಗೊರೆ ಎಂದು ಬರೆಸಿಬಿಡಿ’ ಎನ್ನುವವರಿದ್ದಾರೆ. 5,000 ರೂಪಾಯಿವರೆಗಿನ ಉಡುಗೊರೆಗಿದ್ದ ಸುಂಕ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ನಿಂತಿತು. ರಾಖಿಗೂ ಜೀವರಕ್ಷಕ ಔಷಧಿಗೂ ಮಾತ್ರ ಉಳಿಯಿತು. ಆ ಸುಳ್ಳಿನಿಂದ ಹಣವೂ ಉಳಿಯದು, ಮಕ್ಕಳ ಕಣ್ಣಲ್ಲಿ ಹಿರಿಯರ ಮರ್ಯಾದೆಯೂ ಉಳಿಯದು.

ಬೀಜ ತರಿಸುವುದಾದರಂತೂ ಆಮದು ಪರವಾನಗಿಯೂ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಒಂದು ಹಿಡಿ ಹೂವಿನ ಬೀಜಕ್ಕೆ ಇಷ್ಟೆಲ್ಲವೇ ಎನ್ನುವವರು ಪಕ್ಕದ ಖಾಲಿ ನಿವೇಶನವನ್ನೊಮ್ಮೆ ನೋಡಬೇಕು. ಹಳ್ಳಿಗರು ಕಾಂಗ್ರೆಸ್ ಗಿಡ ಎನ್ನುವ, ಅಮೆರಿಕ ಖಂಡದ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಜನರ ಗಮನಕ್ಕೆ ಬಂತು. ಆಮದು ಗೋಧಿಯೊಂದಿಗೆ ಬಂದಿರಬೇಕೆಂಬುದು ಹಲವರ ಅಭಿಪ್ರಾಯ. ರೈತರು ಇಂದಿಗೂ ಅದನ್ನು ಕೀಳುತ್ತಲೇ ಇದ್ದಾರೆ.

ಪ್ರಯೋಗಾಲಯದಲ್ಲಿ ಚೀಟಿಯಿಲ್ಲದ ಸೀಸೆಯನ್ನು ಯಾರೂ ಬಳಸುವುದಿಲ್ಲ. ಒಳಗೆ ಬರಿಯ ನೀರೇ ಇರಬಹುದು, ಆದರೂ ಬಳಸುವುದಿಲ್ಲ. ಸುಂಕದ ಕಟ್ಟೆಯಲ್ಲೂ ಅದೇ ನಿಯಮ. ಕಚೇರಿಗಳ ನಿಧಾನ ಕೊಳ್ಳುವವರ ಕೈಯಲ್ಲಿಲ್ಲ. ಆದರೆ ವಸ್ತುವಿನ ಹೆಸರನ್ನು ಸ್ಪಷ್ಟವಾಗಿ ಬರೆಯುವಂತೆ ಮಾರುವವನಿಗೆ ಮೊದಲೇ ಹೇಳುವುದು, ರಸೀದಿಯನ್ನು ಜೋಪಾನವಾಗಿಡುವುದು, ಬೇಕಾದ ದಿನಕ್ಕೆ ತಿಂಗಳಿರುವಾಗಲೇ ತರಿಸುವುದು ಕೈಯಲ್ಲಿದೆ. ಇಷ್ಟಾದರೆ ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳುವ ಪ್ರಮೇಯ ಅಷ್ಟಾಗಿ ಬಾರದು.