ನಮ್ಮ ಮಂದಿ

ನಿಪ್ಪಾಣಿಯಲ್ಲಿ ಬೆಳೆದ ಯಾವ ಮಗುವಿಗೂ ಪನ್ಹಾಳಗಡದ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೆದ್ದಾರಿ ಹಿಡಿದು ಕೊಲ್ಹಾಪುರ ತಲುಪಿ, ಅಲ್ಲಿಂದ ಇನ್ನೊಂದು ಇಪ್ಪತ್ತು ಕಿಲೋಮೀಟರು ಹೋದರೆ ಆ ಕೋಟೆ. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, 1660ರ ಮಳೆಗಾಲದ ಆ ರಾತ್ರಿ ನಮಗೆಲ್ಲ ಬಾಯಿಪಾಠ. ಬಿಜಾಪುರದ ಆದಿಲಶಾಹಿ ಸೇನೆ ತಿಂಗಳುಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಿರುತ್ತದೆ. ಶಿವಾಜಿ ಮಹಾರಾಜರು ಕತ್ತಲಲ್ಲಿ ವಿಶಾಲಗಡದತ್ತ ಹೊರಡುತ್ತಾರೆ. ಅವರ ವೇಷ ಧರಿಸಿದ ಶಿವಾ ಕಾಶೀದ ಶತ್ರುಗಳ ಕೈಗೆ ಸಿಕ್ಕಿ ಪ್ರಾಣ ಕೊಡುತ್ತಾನೆ. ಘೋಡಖಿಂಡಿಯಲ್ಲಿ ಬಾಜಿಪ್ರಭು ದೇಶಪಾಂಡೆ ಸಾಯುವವರೆಗೆ ನಿಂತು ಕಾದುತ್ತಾನೆ. ಇನ್ನು ಮುತ್ತಿಗೆ ಹಾಕಿದವನು ಸಿದ್ದಿ ಜೋಹರ. ಕಥೆಯಲ್ಲಿ ಅವನಿಗೆ ಹೆಸರುಂಟು, ಮುಖವಿಲ್ಲ.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನಾನು ಇತಿಹಾಸ ಕಲಿಸುತ್ತಿದ್ದ ಶಾಲೆಯ ವಾರ್ಷಿಕೋತ್ಸವಕ್ಕೆ ಈ ಕಥೆಯನ್ನೇ ನಾಟಕ ಮಾಡಿಸಿದೆವು. ಎಂಟನೆಯ ಇಯತ್ತೆಯಲ್ಲಿ ಹಳಿಯಾಳದ ಕಡೆಯಿಂದ ಬಂದು ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಸಿದ್ದಿ ಹುಡುಗನಿದ್ದ. ಕಥೋಲಿಕ ಕುಟುಂಬದವನು, ಭಾನುವಾರದ ಪೂಜೆಗೆ ತಪ್ಪದೆ ಬಂದು ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದ. ಜೋಹರನ ಪಾತ್ರವನ್ನು ನಾನು ಎರಡನೆಯ ಯೋಚನೆಯಿಲ್ಲದೆ ಅವನಿಗೆ ಕೊಟ್ಟೆ. ಕೊಡುವಾಗ, “ನಿನಗೆ ಬಣ್ಣದ ಖರ್ಚೂ ಇಲ್ಲ ನೋಡು” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವನೂ ನಕ್ಕ. ಸಂಜೆ ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು, “ಸರ, ಈ ಜೋಹರ ನಮ್ಮ ಮಂದಿ ಏನ್ರಿ? ಅವನ್ನ ದಂಡಿನ ಮ್ಯಾಲೆ ದೊಡ್ಡವನ್ನಾಗಿ ಮಾಡಿದವರು ಯಾರ್ರಿ?” ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎನ್ನಲು ಮನಸ್ಸಾಗಲಿಲ್ಲ. “ಮೊದಲು ನಿನ್ನ ಮಾತು ಬಾಯಿಪಾಠ ಮಾಡು” ಎಂದು ಕಳಿಸಿಬಿಟ್ಟೆ. ಆ ವರ್ಷ ಮುಗಿದ ಮೇಲೆ ಅವನು ಊರಿಗೆ ಮರಳಿದ; ಮುಂದೆ ಬರಲಿಲ್ಲ.

ತಪಸ್ಸುಕಾಲ ಬಂದಾಗಲೆಲ್ಲ ಪಾಪನಿವೇದನೆಗೆ ಮುಂಚೆ ಈ ಎರಡು ಮಾತುಗಳು ನೆನಪಾಗುತ್ತಿದ್ದವು. ಹಾಸ್ಯದ ಮಾತಿಗಿಂತಲೂ ಹೆಚ್ಚಾಗಿ, ಪ್ರಶ್ನೆಯನ್ನು ತಳ್ಳಿಹಾಕಿದ್ದು. ನಿವೃತ್ತಿಯ ನಂತರ ಓದಲು ಬಿಡುವಾದಾಗ ಆ ಪ್ರಶ್ನೆಯ ಬೆನ್ನು ಹತ್ತಿದೆ. ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ; ಏಕೆಂದರೆ ಅದೇ ಕಥೆಯನ್ನು ನೀವೂ ನಿಮ್ಮ ಮಕ್ಕಳಿಗೆ ಹೇಳುತ್ತಿರುವಿರಿ.

ಹೌದು, ಜೋಹರ ಅವನ ಮಂದಿಯೇ. ಆಫ್ರಿಕದ ಪೂರ್ವ ಭಾಗದಿಂದ, ವಿಶೇಷವಾಗಿ ಇಥಿಯೋಪಿಯದಿಂದ, ಗುಲಾಮರಾಗಿ ಮಾರಲ್ಪಟ್ಟು ದಕ್ಷಿಣ ಭಾರತಕ್ಕೆ ಬಂದವರನ್ನು ಹಬಶಿಗಳು, ಸಿದ್ದಿಗಳು ಎಂದು ಕರೆಯುತ್ತಿದ್ದರು. ಕರ್ನೂಲಿನಲ್ಲಿ ಅಧಿಕಾರ ಹಿಡಿದಿದ್ದ ಜೋಹರನಿಗೆ ಎರಡನೆಯ ಅಲಿ ಆದಿಲಶಹನು ಸಲಾಬತ್ ಖಾನನೆಂಬ ಬಿರುದು ಕೊಟ್ಟು ಪನ್ಹಾಳದ ಮೇಲೆ ಕಳಿಸಿದ. ಅವನೇನೂ ಬಿಡಿ ಉದಾಹರಣೆಯಲ್ಲ. ಬಿಜಾಪುರದಲ್ಲಿ 1580ರ ದಶಕದಲ್ಲಿ ಬಾಲಕನಾಗಿದ್ದ ಎರಡನೆಯ ಇಬ್ರಾಹಿಂ ಆದಿಲಶಹನ ಹೆಸರಿನಲ್ಲಿ ರಾಜ್ಯವಾಳಿದ ದಿಲಾವರ ಖಾನ ಹಬಶಿ. ಮುಂದೆ ಮಹಮದ್ ಆದಿಲಶಹನ ಆಸ್ಥಾನದಲ್ಲಿ ಪ್ರಬಲನಾಗಿದ್ದ ಇಖ್ಲಾಸ್ ಖಾನನೂ ಹಬಶಿಯೇ. ಸುಲ್ತಾನನ ಜೊತೆಯಲ್ಲಿ ಅವನನ್ನು ಚಿತ್ರಿಸಿದ ವರ್ಣಚಿತ್ರ ಇಂದಿಗೂ ಉಳಿದಿದೆ. ಗೋಳಗುಮ್ಮಟದ ಪಿಸುಮಾತು ಕೇಳಲು ಮಕ್ಕಳನ್ನು ಎಷ್ಟು ಬಾರಿ ಬಿಜಾಪುರಕ್ಕೆ ಕರೆದೊಯ್ದಿದ್ದೇನೋ ಲೆಕ್ಕವಿಲ್ಲ. ಈ ಹೆಸರುಗಳನ್ನು ಒಮ್ಮೆಯೂ ಹೇಳಿರಲಿಲ್ಲ.

ಇವರೆಲ್ಲರಿಗಿಂತ ದೊಡ್ಡವನು ಅಹಮದನಗರದ ಮಲಿಕ್ ಅಂಬರ್. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮಾರಲ್ಪಟ್ಟು, ಅರಬರ ಸಂತೆಗಳನ್ನು ದಾಟಿ ದಖ್ಖನಿಗೆ ಬಂದವನು. ಅವನನ್ನು ಕೊಂಡವನು ಅಹಮದನಗರದ ಪೇಶ್ವೆ ಚಂಗೀಜ್ ಖಾನ. ಆ ಪೇಶ್ವೆಯೂ ಒಂದು ಕಾಲದಲ್ಲಿ ಗುಲಾಮನಾಗಿದ್ದ ಹಬಶಿಯೇ! ಒಡೆಯನು ತೀರಿಕೊಂಡಾಗ ಅವನ ಪತ್ನಿ ಅಂಬರನನ್ನು ಬಿಡುಗಡೆ ಮಾಡಿದಳು. ಕೆಲಕಾಲ ಬಿಜಾಪುರದಲ್ಲೂ ಸೇವೆ ಮಾಡಿದ. 1600ರಲ್ಲಿ ಅಹಮದನಗರದ ಕೋಟೆ ಅಕ್ಬರನ ವಶವಾದಾಗ ಎಲ್ಲರೂ ಆ ರಾಜ್ಯ ಮುಗಿಯಿತೆಂದುಕೊಂಡರು. ಅಂಬರ್ ನಿಜಾಮಶಾಹಿ ವಂಶದ ಒಬ್ಬನನ್ನು ಹುಡುಕಿ ಪಟ್ಟಕ್ಕೆ ಕೂರಿಸಿ, ತನ್ನ ಮಗಳನ್ನು ಅವನಿಗೆ ಕೊಟ್ಟು, ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಮೊಗಲರನ್ನು ತಡೆದು ನಿಲ್ಲಿಸಿದ. 1624ರಲ್ಲಿ ಭಾತವಡಿಯಲ್ಲಿ ಮೊಗಲರನ್ನೂ ಬಿಜಾಪುರದವರನ್ನೂ ಒಟ್ಟಿಗೆ ಸೋಲಿಸಿದಾಗ ಅವನಿಗೆ ಎಪ್ಪತ್ತೈದು ದಾಟಿತ್ತು. ಆ ಯುದ್ಧದಲ್ಲಿ ಅವನ ಕಡೆ ಹೋರಾಡಿದವರಲ್ಲಿ ಶಿವಾಜಿಯ ತಂದೆ ಶಹಾಜಿ ಭೋಸಲೆಯೂ ಇದ್ದರು. ಪನ್ಹಾಳದ ಕಥೆಯಲ್ಲಿ ಭೋಸಲೆ ಮನೆತನವೂ ಸಿದ್ದಿಯೂ ಎದುರುಬದುರು ನಿಂತಿರುವುದನ್ನೇ ಕಲಿತ ನನಗೆ, ಒಂದೇ ತಲೆಮಾರು ಹಿಂದೆ ಇಬ್ಬರೂ ಒಂದೇ ಪಾಳೆಯದಲ್ಲಿದ್ದರೆಂಬುದು ಹೊಸ ಸಂಗತಿ.

ಆದರೆ ವಾಚಕರೇ, ಯುದ್ಧಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಆಡಳಿತ. ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ತೆಗೆದುಹಾಕಿದ. ಭೂಮಿಯ ಗುಣವನ್ನೂ ಬೆಳೆಯನ್ನೂ ನೋಡಿ ತೆರಿಗೆ ಗೊತ್ತುಮಾಡಿದ. ಲೆಕ್ಕಪತ್ರದ ಕೆಲಸವನ್ನು ಬ್ರಾಹ್ಮಣ ಅಧಿಕಾರಿಗಳಿಗೆ, ಕುದುರೆಪಡೆಯನ್ನು ಮರಾಠ ಸರದಾರರಿಗೆ ವಹಿಸಿದ. 1610ರಲ್ಲಿ ಖಡಕಿ ಎಂಬ ಹಳ್ಳಿಯಲ್ಲಿ ಹೊಸ ರಾಜಧಾನಿ ಕಟ್ಟಿ, ನೆಲದೊಳಗಿನ ಕಾಲುವೆಗಳಲ್ಲಿ ಅಲ್ಲಿಗೆ ನೀರು ತಂದ. ಆ ಖಡಕಿಯೇ ಮುಂದೆ ಔರಂಗಾಬಾದ್ ಆಯಿತು. ಈಗ ಛತ್ರಪತಿ ಸಂಭಾಜಿನಗರ. ಹೆಸರು ಮತ್ತೆ ಮತ್ತೆ ಬದಲಾದ ಊರಿನಲ್ಲಿ ನೀರಿನ ಕಾಲುವೆಗೆ ಮಾತ್ರ ಇನ್ನೂ ಅಂಬರನ ಹೆಸರೇ ಇದೆ. ಅವನನ್ನು ಸಂತನನ್ನಾಗಿ ಮಾಡುವ ಆಸೆ ನನಗಿಲ್ಲ. ತಾನೇ ಪಟ್ಟಕ್ಕೆ ಕೂರಿಸಿದ ಸುಲ್ತಾನನಿಗೆ ವಿಷ ಹಾಕಿಸಿದನೆಂದು ಇತಿಹಾಸಕಾರರು ಬರೆಯುತ್ತಾರೆ. ಆ ಕಾಲದ ರಾಜಕಾರಣದಲ್ಲಿ ಕೈ ತೊಳೆದುಕೊಂಡವರು ಕಡಿಮೆ.

ಮೊಗಲ ಚಕ್ರವರ್ತಿ ಜಹಾಂಗೀರನಿಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅಂಬರನ ಕತ್ತರಿಸಿದ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಆಸ್ಥಾನದ ಕಲಾವಿದ ಅಬುಲ್ ಹಸನನಿಂದ ಚಿತ್ರ ಬರೆಸಿಕೊಂಡ. ನಿಜದಲ್ಲಿ ಅಂಬರ್ ಅವನ ಕೈಗೆ ಎಂದೂ ಸಿಕ್ಕಲಿಲ್ಲ. 1626ರಲ್ಲಿ ಮುದುಕನಾಗಿ ತೀರಿಕೊಂಡ. ಆಗ ಜಹಾಂಗೀರನ ಇತಿಹಾಸಕಾರ ಮುತಮದ್ ಖಾನನೇ ಅವನ ಆಡಳಿತವನ್ನೂ ಯುದ್ಧಕೌಶಲವನ್ನೂ ಹೊಗಳಿ ಬರೆದ.

ಗುಲಾಮನನ್ನು ಸೇನಾಪತಿಯನ್ನಾಗಿ ಮಾಡಿದವರು ಯಾರು? ಹುಡುಗನ ಎರಡನೆಯ ಪ್ರಶ್ನೆಗೆ ಅಮೆರಿಕದ ವಿದ್ವಾಂಸ ರಿಚರ್ಡ್ ಈಟನ್ ಅವರು 2005ರಲ್ಲಿ ಪ್ರಕಟಿಸಿದ ದಖ್ಖನಿನ ಸಾಮಾಜಿಕ ಇತಿಹಾಸದಲ್ಲಿ ಉತ್ತರ ಸಿಕ್ಕಿತು. ಆಸ್ಥಾನದ ಸರದಾರರು ತಮ್ಮ ತಮ್ಮ ಕುಲ, ಜಮೀನು, ಬಂಧುಬಳಗಕ್ಕೆ ಅಂಟಿಕೊಂಡವರು. ದೂರದಿಂದ ತಂದ ಗುಲಾಮನಿಗೆ ಇಲ್ಲಿ ಅಪ್ಪನಿಲ್ಲ, ಅಣ್ಣನಿಲ್ಲ, ಹೊಲವಿಲ್ಲ, ಒಡೆಯನೊಬ್ಬನೇ ದಿಕ್ಕು. ಆದ್ದರಿಂದ ಒಡೆಯನಿಗೆ ಅವನ ಮೇಲೆ ನಂಬಿಕೆ. ಎಲ್ಲವನ್ನೂ ಕಳೆದುಕೊಂಡದ್ದೇ ಅವನ ಅರ್ಹತೆಯಾಯಿತು. ಓದುವಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇಂಥ ಬದುಕುಗಳು ಈಗ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಗಂಭೀರ ಅಧ್ಯಯನದ ವಿಷಯ. ನಮ್ಮಲ್ಲಿ ರಾಧೇ ಶ್ಯಾಮ್ ಅವರು 1968ರಲ್ಲೇ ಮಲಿಕ್ ಅಂಬರನ ಜೀವನಚರಿತ್ರೆ ಬರೆದಿದ್ದರು. 2016ರಲ್ಲಿ ಒಮರ್ ಅಲಿ ಮತ್ತೊಂದು ಬರೆದರು. ಇವುಗಳಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವರು ಘಾನಾ ದೇಶದ ಪಾಷಿಂಗ್ಟನ್ ಒಬೆಂಗ್. ಅವರು ಮೊದಲು ಬರೆದದ್ದು ತಮ್ಮ ನಾಡಿನ ಅಸಾಂತೆ ಜನಾಂಗದ ಕಥೋಲಿಕ ಧರ್ಮಾಚರಣೆಯ ಕುರಿತು. ಆ ಅಸಾಂತೆಗಳ ರಾಜ್ಯಕ್ಕೆ ಸಿಂಹಾಸನವೆಂದರೆ ಒಂದು ಚಿನ್ನದ ಮಣೆ. ಅದರ ಮೇಲೆ ಅರಸನೂ ಕೂರುವಂತಿಲ್ಲ. ಅದು ಇಡೀ ಜನಾಂಗದ ಆತ್ಮ. ಕೆಳಗಿನ ನಾಯಕರಿಗೂ ಒಂದೊಂದು ಮಣೆ. ಮಾತು ತಪ್ಪಿದ ನಾಯಕನನ್ನು ಮಣೆಗೆ ಏರಿಸಿದ ಹಿರಿಯರೇ ಇಳಿಸಬಹುದು. 1900ರಲ್ಲಿ ಬ್ರಿಟಿಷ್ ಗವರ್ನರನು ಚಿನ್ನದ ಮಣೆಯನ್ನು ತನಗೆ ತಂದುಕೊಡಿರೆಂದಾಗ ಯಾ ಅಸಾಂತೆವಾ ಎಂಬ ರಾಜಮಾತೆಯ ಮುಂದಾಳತ್ವದಲ್ಲಿ ಜನ ದಂಗೆ ಎದ್ದರು. ಕಿತ್ತೂರಿನ ಚೆನ್ನಮ್ಮನ ನಾಡಿನವರಾದ ನಿಮಗೆ ಇದನ್ನು ವಿವರಿಸಬೇಕೆ? ಇಂಥ ನಾಡಿನಿಂದ ಬಂದ ಒಬೆಂಗ್ ಅವರು ಉತ್ತರ ಕನ್ನಡದ ಸಿದ್ದಿಗಳ ನಡುವೆ ಓಡಾಡಿ, 2007ರಲ್ಲಿ ಅವರ ಕುರಿತೂ ಗ್ರಂಥ ಪ್ರಕಟಿಸಿದರು. ಆಫ್ರಿಕದ ವಿದ್ವಾಂಸನು ಸಮುದ್ರ ದಾಟಿ ಹಳಿಯಾಳ, ಯಲ್ಲಾಪುರಗಳ ಕಾಡಿಗೆ ಹೋದ. ನಿಪ್ಪಾಣಿಯ ಮೇಷ್ಟ್ರಿಗೆ ತನ್ನ ತರಗತಿಯ ಬೆಂಚಿನವರೆಗೆ ಹೋಗಲಾಗಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಅನೇಕರ ಪೂರ್ವಜರು ಸೇನಾಪತಿಗಳಲ್ಲ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರು, ಒಡೆಯರ ಹೊಡೆತ ತಾಳದೆ ಘಟ್ಟದ ಕಾಡಿಗೆ ಓಡಿಬಂದವರು. ಕೊಂಡವರು ಜ್ಞಾನಸ್ನಾನ ಪಡೆದವರು. ಗೋವೆಯ ಮಠಗಳಲ್ಲೂ ಗುಲಾಮರಿದ್ದರು. ಅಂಬರನನ್ನು ಹೊರಗೆ ಕಳಿಸಿದ ಇಥಿಯೋಪಿಯವನ್ನು ಆಗ ಆಳುತ್ತಿದ್ದವರೂ ಕ್ರೈಸ್ತ ಅರಸರೇ. ಆದರೂ ಆ ಓಡಿಬಂದವರಲ್ಲಿ ಹಲವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ನಮ್ಮೊಡನೆ ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುತ್ತಾರೆ. ಕಾರವಾರ ಧರ್ಮಪ್ರಾಂತ್ಯ ರಚನೆಯಾದ 1976ರವರೆಗೆ ಆ ತಾಲ್ಲೂಕುಗಳೂ ಬೆಳಗಾವಿ ಧರ್ಮಪ್ರಾಂತ್ಯದಲ್ಲೇ ಇದ್ದವು. ಸರಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಒಪ್ಪಿದ್ದು 2003ರಲ್ಲಿ. ನಮ್ಮ ಬೆಳಗಾವಿ ಜಿಲ್ಲೆಯವರಿಗೂ ಧಾರವಾಡದವರಿಗೂ ಆ ಮಾನ್ಯತೆ ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಅವರು.

ಕೆಲವು ವರ್ಷಗಳ ಹಿಂದೆ ಹಳಿಯಾಳದ ಕಡೆ ಒಂದು ಮದುವೆಗೆ ಹೋದಾಗ, ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದವನು ನನ್ನ ಮುಂದೆ ನಿಂತು, “ಸರ, ಗುರುತು ಸಿಕ್ಕಿತ್ರಿ?” ಎಂದ. ಅವನೇ. ಊಟವಾದ ಮೇಲೆ ಹೊರಗೆ ಮರದ ಕೆಳಗೆ ಕುಳಿತು, ಅಂದಿನ ಬಣ್ಣದ ಮಾತಿಗಾಗಿ ಕ್ಷಮೆ ಕೇಳಿದೆ. “ಅದು ನೆನಪಿಲ್ರಿ ಸರ. ಕತ್ತಿ ನೆನಪದ. ರಟ್ಟಿಂದು, ಬೆಳ್ಳಿ ಕಾಗದ ಸುತ್ತಿದ್ದು” ಎಂದ. ನಿಜವಾಗಿಯೂ ಮರೆತಿದ್ದನೋ, ನನ್ನ ಮೇಲಿನ ಮರ್ಯಾದೆಗೆ ಹಾಗೆ ಹೇಳಿದನೋ ತಿಳಿಯಲಿಲ್ಲ. ಜೋಹರ, ಅಂಬರ್, ದಿಲಾವರ ಖಾನ ಎಲ್ಲರ ವಿಷಯ ಹೇಳಿದೆ. ಶಿವಾಜಿ ಪಾರಾದರೂ ಅದೇ ವರ್ಷ ಸೆಪ್ಟೆಂಬರಿನಲ್ಲಿ ಪನ್ಹಾಳ ಆದಿಲಶಹನಿಗೆ ಮರಳಿತೆಂದೂ ಹೇಳಿದೆ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಅವನ ಮಗಳು, ಒಂಬತ್ತನೆಯ ತರಗತಿಯವಳು, “ಇವರೆಲ್ಲ ಮುಸಲ್ಮಾನರು. ನಮ್ಮ ಬೈಬಲಿನ್ಯಾಗ ನಮ್ಮವರು ಯಾರೂ ಇಲ್ಲೇನ್ರಿ?” ಎಂದಳು.

ಈ ಬಾರಿ ನಾನು ತಪ್ಪಿಸಿಕೊಳ್ಳಲಿಲ್ಲ. ಪ್ರವಾದಿ ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿ ಸಾಯಲು ಬಿಟ್ಟಾಗ, ಯೆರೂಸಲೇಮಿನ ಅರಮನೆಯ ಒಬ್ಬನೇ ಒಬ್ಬ ಅಧಿಕಾರಿ ಅರಸನೆದುರು ಹೋಗಿ ಇದು ಅನ್ಯಾಯವೆಂದದ್ದನ್ನು ಹೇಳಿದೆ. ಅವನು ಎಬೆದ್ಮೆಲೆಕ, ಕೂಷ್ ದೇಶದವನು, ಆಫ್ರಿಕದವನು. ಅಪ್ಪಣೆ ಪಡೆದು ಹಗ್ಗ ತಂದ. ಹಗ್ಗದ ಜೊತೆಗೆ ಹಳೆಯ ಬಟ್ಟೆಗಳನ್ನೂ ಹುಡುಕಿ ತಂದು, ಮೇಲಕ್ಕೆಳೆಯುವಾಗ ತೋಳಿಗೆ ಹಗ್ಗ ಕೊರೆಯದಂತೆ ಕಂಕುಳಲ್ಲಿ ಇಟ್ಟುಕೊಳ್ಳಲು ಪ್ರವಾದಿಗೆ ಹೇಳಿದ. ಯೆರೆಮೀಯನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ.

ಹುಡುಗಿ ಅಂಗೈ ಮೇಲೆ ಪೆನ್ನಿನಿಂದ 38 ಎಂದು ಬರೆದುಕೊಂಡಳು. ಅವಳ ತಂದೆ ನನ್ನ ಬಸ್ಸಿಗೆ ಹೊತ್ತಾಯಿತೆಂದು ಎದ್ದ.