ತಡೆತಡೆದು ನಡೆಯುವ ಯಂತ್ರ

ಮನೆಯ ಯಂತ್ರವೊಂದು ಸಂಪೂರ್ಣವಾಗಿ ಕೆಟ್ಟು ನಿಂತರೆ ಗೃಹಸ್ಥನಿಗೆ ಅಷ್ಟೊಂದು ಕಷ್ಟವಿಲ್ಲ. ಯಾವ ಭಾಗವು ಕೆಟ್ಟಿತೆಂಬುದನ್ನು ಬಲ್ಲವರು ಬಂದು ತಿಳಿಸುವರು. ಅದನ್ನು ಬದಲಾಯಿಸಿದರೆ ಕೆಲಸವು ತೀರಿತು. ಆದರೆ ಯಂತ್ರವು ನಡೆಯುತ್ತಲೂ ಇದ್ದು, ನಡುನಡುವೆ ತಡವರಿಸಿ ನಿಲ್ಲುತ್ತಲೂ ಇದ್ದರೆ ಆ ಕಷ್ಟವೇ ಬೇರೆ. ನೋಡಿದವರು ಒಬ್ಬೊಬ್ಬರು ಒಂದೊಂದು ಔಷಧವನ್ನು ಹೇಳುವರು. ಪ್ರತಿಯೊಂದು ಔಷಧಕ್ಕೂ ಒಂದೊಂದು ಬೆಲೆಯಿರುವುದು. ಮೇಜಿನ ಮೇಲಣ ಕಂಪ್ಯೂಟರು ಆಟದ ಹೊತ್ತಿನಲ್ಲಿ ತಡವರಿಸುವುದು ಇಂತಹ ಅರೆಕಾಯಿಲೆ. 2024ರ ಬೇಸಿಗೆಯಲ್ಲಿ ನಮ್ಮ ಮನೆಗೆ ಇದರ ಅನುಭವವಾದುದರಿಂದ, ಅದರಲ್ಲಿ ಕಂಡುಕೊಂಡ ನಾಲ್ಕು ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ.

ನಾವಿರುವುದು ಬಳ್ಳಾರಿಯಲ್ಲಿ. 2021ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಮನೆಗೇ ಬಂದಾಗ ಮಕ್ಕಳಿಬ್ಬರಿಗೂ ಆಗಲೆಂದು ಒಂದು ಕಂಪ್ಯೂಟರನ್ನು ಕೊಂಡಿದ್ದೆವು. ಕಾಲಕ್ರಮದಲ್ಲಿ ಮಗಳು ಉದ್ಯೋಗನಿಮಿತ್ತ ಪುಣೆಗೆ ಹೋದಳು, ಯಂತ್ರವು ಪಿ.ಯು. ತರಗತಿಯ ಮಗನ ಪಾಲಿಗೆ ಉಳಿಯಿತು. ಶನಿವಾರ ರಾತ್ರಿ ಊಟವಾದ ಮೇಲೆ ಅಕ್ಕ ಅಲ್ಲಿಂದ, ತಮ್ಮ ಇಲ್ಲಿಂದ, ಒಂದೇ ಮೋಟಾರು ಪಂದ್ಯದ ಆಟದಲ್ಲಿ ಕೂಡುವರು. ಇಂತಹ ಆಟಗಳನ್ನು ಹಿರಿಯರು ಕಾಲಹರಣವೆಂದು ಹಳಿಯುವುದುಂಟು. ಆದರೆ ಪಂದ್ಯ ಪಂದ್ಯಗಳ ನಡುವಣ ಬಿಡುವಿನಲ್ಲಿ ಅವರ ಮಾತು ನಡೆಯುತ್ತಿತ್ತು. ಭೌತಶಾಸ್ತ್ರದ ಪಾಠವು ತಲೆಗೆ ಹತ್ತುತ್ತಿಲ್ಲವೆಂಬುದನ್ನು ಹುಡುಗನು ತಂದೆತಾಯಿಗಳಿಗೆ ಹೇಳದೆ ಅಕ್ಕನಿಗೆ ಹೇಳಿದ್ದುದು ಆ ಬಿಡುವಿನಲ್ಲಿಯೇ.

ಯುಗಾದಿ ಕಳೆದ ಮೇಲೆ ತಡವರಿಕೆಯು ಮೊದಲಾಯಿತು. ಚಿತ್ರವು ಓಡುತ್ತೋಡುತ್ತ ಕ್ಷಣಮಾತ್ರ ಕಲ್ಲಾಗುವುದು. ಮತ್ತೆ ಓಡುವಷ್ಟರಲ್ಲಿ ಹುಡುಗನ ಬಂಡಿಯು ಗೋಡೆಗೆ ಬಡಿದಿರುವುದು. "ಇನ್ನೊಂದು ದಿನ ಆಡೋಣ ಬಿಡೋ" ಎಂದು ಅಕ್ಕ ಹೇಳತೊಡಗಿದಳು. ಮೂರು ಶನಿವಾರಗಳು ಆಟವೂ ಇಲ್ಲದೆ, ಮಾತೂ ಇಲ್ಲದೆ ಕಳೆದವು. ಹುಡುಗನು ಊಟಮಾಡಿ ಎದ್ದು ಮೌನವಾಗಿ ಮಲಗಲು ಹೋಗುತ್ತಿದ್ದನು.

ಯಂತ್ರವನ್ನು ಅಂಗಡಿಗೆ ತೋರಿಸಲಾಗಿ, ಗ್ರಾಫಿಕ್ಸ್ ಕಾರ್ಡು ಹಳೆಯದಾಯಿತು, ಹೊಸದಕ್ಕೆ 28,000 ರೂಪಾಯಿ ಆಗುವುದೆಂದು ಹೇಳಿದರು. ಮನೆಯಲ್ಲಿ ಅಷ್ಟು ಹಣವು ಇಲ್ಲದಿರಲಿಲ್ಲ. ಆದರೆ ಅದು ನಮ್ಮ ತಾಯಿಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ತೆಗೆದಿಟ್ಟ ಹಣ. ತಾಯಿಯವರು ಇದನ್ನು ಕೇಳಿ, "ನನ್ನ ಕಣ್ಣು ಇನ್ನೊಂದು ವರ್ಷ ತಡೆದೀತು. ಮಗು ಸಪ್ಪಗಿದೆ, ಅದಕ್ಕೆ ಕೊಡಿಸಿಬಿಡಪ್ಪಾ" ಎಂದರು. ಈ ಮಾತಿನಿಂದ ವಿಷಯವು ಆಟದ ಎಲ್ಲೆಯನ್ನು ದಾಟಿತು. ಯಂತ್ರದ ರೋಗವು ನಿಜವಾಗಿ ಯಾವುದೆಂದು ಅರಿಯದೆ ಒಂದು ಕಾಸನ್ನೂ ತೆಗೆಯಬಾರದೆಂದು ನಿಶ್ಚಯಿಸಿದೆವು.

ತಡವರಿಕೆಯೆಂದರೇನೆಂಬುದನ್ನು ಮೊದಲು ತಿಳಿಯಬೇಕು. ಸಾಮಾನ್ಯವಾದ ಪರದೆಯು ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ. ಎಂದರೆ ಒಂದೊಂದು ಚಿತ್ರವನ್ನು ರಚಿಸಲು ಯಂತ್ರಕ್ಕೆ ಸುಮಾರು 16.7 ಮಿಲಿಸೆಕೆಂಡುಗಳ ಅವಧಿ. ಐವತ್ತೈದು ಚಿತ್ರಗಳು ಹೊತ್ತಿಗೆ ಸರಿಯಾಗಿ ಬಂದು, ಮುಂದಿನದೊಂದು ಚಿತ್ರಕ್ಕೆ ಐದು ಚಿತ್ರಗಳ ಕಾಲ ಹಿಡಿದರೆ, ಸೆಕೆಂಡಿನ ಲೆಕ್ಕದಲ್ಲಿ 56 ಚಿತ್ರಗಳೆಂಬ ಒಳ್ಳೆಯ ಸಂಖ್ಯೆಯೇ ಬರುವುದು. ಕಣ್ಣಿಗೆ ಮಾತ್ರ ಬಂಡಿಯು ಕಲ್ಲಿಗೆ ಎಡವಿದಂತೆ ಕಾಣುವುದು. ಸರಾಸರಿಯು ಈ ದೋಷವನ್ನು ಮುಚ್ಚಿಡುತ್ತದೆ. ಆದಕಾರಣ ಚಿತ್ರಗಳನ್ನು ಎಣಿಸುವುದರ ಬದಲು ಒಂದೊಂದು ಚಿತ್ರಕ್ಕೆ ಹಿಡಿದ ಕಾಲವನ್ನು ಅಳೆಯಬೇಕೆಂದು 2011ರಲ್ಲಿ ಅಮೆರಿಕೆಯ 'ದಿ ಟೆಕ್ ರಿಪೋರ್ಟ್' ಎಂಬ ಪತ್ರಿಕೆಯಲ್ಲಿ ಸ್ಕಾಟ್ ವಾಸನ್ ಎಂಬುವರು ವಿವರಿಸಿ ಬರೆದರು. ಆ ಬಳಿಕ ಪರೀಕ್ಷಕರಲ್ಲಿ ಈ ಕ್ರಮವು ರೂಢಿಗೆ ಬಂದಿತು.

ನಮ್ಮ ಮನೆಯಾಕೆಗೆ ಯಂತ್ರವಿದ್ಯೆಯು ತಿಳಿಯದು. ಮನೆಯ ಲೆಕ್ಕವನ್ನು ದಿನವೂ ಬರೆದಿಡುವ ಅಭ್ಯಾಸವುಂಟು. ಆಕೆಯು ಮಗನನ್ನು ಕರೆದು, "ಇದು ಹೊತ್ತು ನೋಡಿ ಕುಂಟುತ್ತದೆಯೋ, ಜಾಗ ನೋಡಿ ಕುಂಟುತ್ತದೆಯೋ? ಒಂದು ವಾರ ಬರೆದಿಡು, ಆಮೇಲೆ ಹೇಳು" ಎಂದು ಒಂದು ನೋಟುಪುಸ್ತಕವನ್ನು ಕೈಗಿತ್ತಳು. ಆಟವು ಮೊದಲಾದ ಹೊತ್ತು, ತಡವರಿಸಿದ ನಿಮಿಷ, ಆಗ ಬಂಡಿಯಿದ್ದ ಬೀದಿ, ಇವುಗಳಿಗೆ ಮೂರು ಕಲಮುಗಳು. ಒಂದು ದಿನಕ್ಕೆ ಒಂದೇ ಬದಲಾವಣೆಯನ್ನು ಮಾಡತಕ್ಕದ್ದೆಂಬುದು ನಾವು ಸೇರಿಸಿದ ನಿಯಮ. ಒಟ್ಟಿಗೆ ಮೂರನ್ನು ಬದಲಾಯಿಸಿದರೆ ಗುಣವು ಯಾವುದರಿಂದ ಆಯಿತೆಂಬುದು ತಿಳಿಯದು.

ಮೊದಲನೆಯ ದಿನ ಅಂಗಡಿಯವರ ಮಾತನ್ನೇ ಪರೀಕ್ಷಿಸಿದೆವು. ಪರದೆಯ ಮೇಲೆ ಅಗಲಕ್ಕೆ 1920, ಎತ್ತರಕ್ಕೆ 1080, ಹೀಗೆ ಸುಮಾರು 20.7 ಲಕ್ಷ ಚುಕ್ಕೆಗಳಿಂದ ಚಿತ್ರವಾಗುತ್ತಿತ್ತು. ಆಟದೊಳಗಿನ ಏರ್ಪಾಡಿನಲ್ಲಿ ಅದನ್ನು 1280ಕ್ಕೆ 720ರಂತೆ ಇಳಿಸಿದರೆ ಚುಕ್ಕೆಗಳು 9.2 ಲಕ್ಷವಾಗುವುವು, ಗ್ರಾಫಿಕ್ಸ್ ಕಾರ್ಡಿನ ಹೊರೆಯು ಬಹಳವಾಗಿ ತಗ್ಗುವುದು. ಕಾರ್ಡು ಶಕ್ತಿಸಾಲದೆ ಬಳಲುತ್ತಿದ್ದರೆ ಆಟವು ಆಗ ಸಲೀಸಾಗಬೇಕು. ಚಿತ್ರವು ಮಸುಕಾಯಿತಲ್ಲದೆ ತಡವರಿಕೆಯು ಎಳ್ಳಷ್ಟೂ ಕಡಮೆಯಾಗಲಿಲ್ಲ. ಹೊಸ ಕಾರ್ಡಿನ ಮಾತು ಅಲ್ಲಿಗೇ ಬಿದ್ದುಹೋಯಿತು. ಇಷ್ಟನ್ನು ತಿಳಿಯಲು ಆದ ವೆಚ್ಚ ಏನೂ ಇಲ್ಲ.

ವಾರ ಕಳೆದು ಪುಸ್ತಕವನ್ನು ನೋಡಲಾಗಿ, ತಡವರಿಕೆಯು ಒಂದಲ್ಲ, ಎರಡು ಬಗೆಯದೆಂದು ಕಂಡುಬಂದಿತು. ಮೊದಲನೆಯದು ಹೊತ್ತಿಗೆ ಕಟ್ಟುಬಿದ್ದುದು. ಮಧ್ಯಾಹ್ನ ಆಡಿದರೆ ಇಪ್ಪತ್ತು ನಿಮಿಷಕ್ಕೆಲ್ಲ ಬರುವುದು. ನಸುಕಿನ ಐದು ಗಂಟೆಗೆ ಆಡಿದರೆ ಮುಕ್ಕಾಲು ಗಂಟೆಯಾದರೂ ಬಾರದು. ಇದು ಶಾಖದ ಲಕ್ಷಣ. ಪ್ರೊಸೆಸರು ತನ್ನ ಶಾಖದ ಮಿತಿಯನ್ನು ಮುಟ್ಟಿತೆಂದರೆ, ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಅನೇಕ ಪ್ರೊಸೆಸರುಗಳಲ್ಲಿ ಈ ಮಿತಿಯು 100 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿರುವುದು. ಫ್ಯಾನು ಎಷ್ಟು ತಿರುಗಿದರೂ ಕೋಣೆಯ ಗಾಳಿಗಿಂತ ಹೆಚ್ಚು ತಣ್ಣಗೆ ಮಾಡಲಾರದು. ನಮ್ಮೂರಿನ ಬೇಸಿಗೆಯಲ್ಲಿಯೋ ಆ ಗಾಳಿಯೇ 40 ಡಿಗ್ರಿಯನ್ನು ದಾಟುವುದುಂಟು. ಪರೀಕ್ಷೆಗಾಗಿ ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನು ತೆಗೆದಿಟ್ಟು ಆಡಿಸಿದಾಗ ತಡವರಿಕೆಯು ಬಹು ತಡವಾಗಿ ಬಂದಿತು, ಸಂದೇಹವು ನಿವಾರಣೆಯಾಯಿತು.

ಆ ಮೇಲೆ ವಿದ್ಯುತ್ತನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಒಳಗೆ ನೋಡಿದೆವು. ಪ್ರೊಸೆಸರಿನ ಮೇಲಣ ಲೋಹದ ರೆಕ್ಕೆಗಳ ಸಂದುಗಳಲ್ಲಿ ಮೂರು ವರ್ಷಗಳ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಮೃದುವಾದ ಕುಂಚದಿಂದ ಅದನ್ನು ತೆಗೆಯಬೇಕು. ತೆಗೆಯುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಲೋಹಕ್ಕೂ ಪ್ರೊಸೆಸರಿಗೂ ನಡುವೆ ಶಾಖವನ್ನು ಸಾಗಿಸಲೆಂದು ಹಚ್ಚುವ ಪೇಸ್ಟು ಒಣಗಿ ಹುಡಿಯಾಗಿತ್ತು. ಹಳೆಯದನ್ನು ಒರಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿದೆವು. ಮಧ್ಯಾಹ್ನದ ಆಟದಲ್ಲಿಯೂ ಮೊದಲನೆಯ ಬಗೆಯ ತಡವರಿಕೆಯು ಮತ್ತೆ ಕಾಣಲಿಲ್ಲ.

ಎರಡನೆಯ ಬಗೆಯು ಜಾಗಕ್ಕೆ ಕಟ್ಟುಬಿದ್ದುದು. ಬಂಡಿಯು ಆಟದ ಪಟ್ಟಣದಲ್ಲಿ ಒಂದು ಕೇರಿಯನ್ನು ಬಿಟ್ಟು ಇನ್ನೊಂದನ್ನು ಹೊಕ್ಕಾಗಲೆಲ್ಲ ಚಿತ್ರವು ನಿಲ್ಲುವುದು. ಅದೇ ಕ್ಷಣದಲ್ಲಿ ಪೆಟ್ಟಿಗೆಯ ಮುಂದಣ ಕೆಂಪು ದೀಪವು ಬಿಡದೆ ಉರಿಯುವುದು. ಆಟವಿದ್ದುದು ತಿರುಗುವ ಹಾರ್ಡ್ ಡಿಸ್ಕಿನಲ್ಲಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ ಸುಮಾರು 8.3 ಮಿಲಿಸೆಕೆಂಡು ಬೇಕು; ಓದುವ ಮುಳ್ಳು ಸರಿದು ನಿಲ್ಲುವ ಕಾಲವು ಬೇರೆ. ಒಂದು ತುಣುಕನ್ನು ಹುಡುಕಿ ತರುವಷ್ಟರಲ್ಲಿ ಚಿತ್ರವೊಂದಕ್ಕೆ ಮೀಸಲಾದ ಅವಧಿಯ ಬಹುಭಾಗವು ತೀರಿಹೋಗುವುದು. ಇದರ ಮೇಲೆ, 8 ಜಿ.ಬಿ. ರ್‍ಯಾಮು ತುಂಬಿ ತುಳುಕಿ, ಹೆಚ್ಚಿನ ಸರಕನ್ನು ವಿಂಡೋಸು ಅದೇ ಡಿಸ್ಕಿನಲ್ಲಿ ಇಟ್ಟು ತೆಗೆಯುತ್ತಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಿನ ಗೆರೆಯು ನೂರಕ್ಕೆ ನೂರು ಮುಟ್ಟಿದ್ದು ಇದಕ್ಕೆ ಸಾಕ್ಷಿ. ಯಂತ್ರದಲ್ಲಿದ್ದ ಚಿಕ್ಕ ಎಸ್‌ಎಸ್‌ಡಿಯಲ್ಲಿ ಹಳೆಯ ಪಾಠಗಳ ವಿಡಿಯೋಗಳನ್ನು ಅಳಿಸಿ ಆಟವನ್ನು ಅಲ್ಲಿಗೆ ಸಾಗಿಸಿದೆವು. ಮರುದಿನ 8 ಜಿ.ಬಿ.ಯ ಇನ್ನೊಂದು ರ್‍ಯಾಮನ್ನು ಕೂಡಿಸಿದೆವು. ಪೇಸ್ಟು, ಕುಂಚ, ರ್‍ಯಾಮು, ಎಲ್ಲವೂ ಸೇರಿ 2,400 ರೂಪಾಯಿಯೊಳಗೆ ಮುಗಿಯಿತು.

ಉಳಿದ ಒಂದು ತಡವರಿಕೆಗೆ ನಮ್ಮಲ್ಲಿ ಮದ್ದಿಲ್ಲ. ಹೊಸ ಆಟದಲ್ಲಿ ಬೆಂಕಿಯೋ ಮಳೆಯೋ ಮೊದಲ ಸಲ ಕಾಣುವಾಗ, ಅದನ್ನು ಚಿತ್ರಿಸುವ ವಿಧಾನವನ್ನು ಯಂತ್ರವು ಆಗಲೇ ಸಿದ್ಧಪಡಿಸಿಕೊಳ್ಳುವುದರಿಂದ ಒಂದು ಗಳಿಗೆ ನಿಲ್ಲುವುದುಂಟು. ಎರಡನೆಯ ಸಲ ಅದೇ ದೃಶ್ಯವು ಸರಾಗವಾಗಿ ಸಾಗುವುದು. ಇದು ಯಂತ್ರದ ರೋಗವಲ್ಲ. ಇದಕ್ಕಾಗಿ ಹಣವನ್ನು ಚೆಲ್ಲುವುದು ವ್ಯರ್ಥ. ಇನ್ನು, ಪರದೆಯ ತಂತಿಯು ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ, ಮದರ್‌ಬೋರ್ಡಿನ ಕಿಂಡಿಗೆ ಸೇರಿದೆಯೇ, ಆಟದ ಹೊತ್ತಿನಲ್ಲಿ ಹಿನ್ನೆಲೆಯಲ್ಲಿ ಬೇರೆ ಡೌನ್‌ಲೋಡು ನಡೆದಿದೆಯೇ ಎಂಬ ಎರಡನ್ನು ಎಲ್ಲಕ್ಕೂ ಮೊದಲು ನೋಡಿಕೊಳ್ಳುವುದು ಮೇಲು.

ಮೇ ತಿಂಗಳ ಕೊನೆಯ ಶನಿವಾರ ಮಗನ ಕೋಣೆಯಲ್ಲಿ ನಗುವು ಮತ್ತೆ ಕೇಳಿಬಂದಿತು. ಜೂನಿನಲ್ಲಿ ತಾಯಿಯವರ ಬಲಗಣ್ಣಿನ ಚಿಕಿತ್ಸೆಯಾಯಿತು. ಮಗಳು ಪುಣೆಯಿಂದ ಬಂದು ಎಂಟು ದಿನ ಅಜ್ಜಿಯ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧದ ಹನಿ ಹಾಕಿದಳು. ಆ ಹೊತ್ತುಗಳನ್ನು ಗುರುತು ಹಾಕಲು ಮನೆಯಾಕೆಯು ತೆಗೆದದ್ದು ಅದೇ ನೋಟುಪುಸ್ತಕದ ಮಿಕ್ಕ ಹಾಳೆಗಳನ್ನು. ಮನೆಯ ಯಂತ್ರವು ತಡವರಿಸತೊಡಗಿದರೆ ವಾಚಕರು ಅಂಗಡಿಯಲ್ಲಿ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ಹೊತ್ತು, ನಿಮಿಷ, ಜಾಗ ಎಂದು ಮೂರು ಕಲಮುಗಳನ್ನು ಎಳೆದು ಒಂದು ವಾರ ಬರೆದಿಡಬೇಕೆಂದು ಕೋರುತ್ತೇವೆ.