ಹೆಗ್ಗೋಡಿನಲ್ಲಿ ನಾಟಕ ಮುಗಿದ ಮೇಲೆ

ಬೆಂಗಳೂರಿನಲ್ಲಿ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಸಾಗರ ಜಂಬಗಾರು ಸ್ಟೇಷನ್. ಇಲ್ಲಿ ಇಳಿದವರು ಸಾಮಾನ್ಯವಾಗಿ ಜೋಗಕ್ಕೆ ಹೋಗ್ತಾರೆ. ನೀವು ಒಮ್ಮೆ ಹೆಗ್ಗೋಡಿನ ಬಸ್ಸು ಹಿಡಿಯಿರಿ, ಹತ್ತು ಕಿಲೋಮೀಟರ್ ಆಸುಪಾಸು ಅಷ್ಟೇ. ಅಡಿಕೆ ತೋಟ, ಹಂಚಿನ ಮನೆಗಳು, ಕೆಲವು ಅಂಗಡಿ. ಫೋಟೋ ತೆಗೆಯೋಕೆ ವ್ಯೂಪಾಯಿಂಟ್ ಹುಡುಕಿದರೆ ಸಿಗಲ್ಲ.

ಇಂಥ ಊರಲ್ಲಿ ಶಿವರಾಮ ಕಾರಂತರ ಹೆಸರಿನ ದೊಡ್ಡ ರಂಗಮಂದಿರ ಇದೆ. ಅದು ನೀನಾಸಂನದ್ದು. ಪೂರ್ತಿ ಹೆಸರು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. 1949ರಲ್ಲಿ ಊರಿನವರೇ ಕಟ್ಟಿಕೊಂಡ ಹವ್ಯಾಸಿ ನಾಟಕ ಸಂಘ, ಅಂದರೆ ನಮ್ಮ ಸಂವಿಧಾನ ಜಾರಿಗೆ ಬರೋದಕ್ಕಿಂತಲೂ ಹಳೆಯದು. ಅಡಿಕೆ ಬೆಳೆಗಾರರೂ ಲೇಖಕರೂ ಆಗಿದ್ದ ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1973ರಲ್ಲಿ ಫಿಲಂ ಸೊಸೈಟಿ, 1980ರಲ್ಲಿ ರಂಗಶಿಕ್ಷಣ ಕೇಂದ್ರ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಾನು ಹೋಗಿದ್ದು ಅಕ್ಟೋಬರ್‌ನ ಸಂಸ್ಕೃತಿ ಶಿಬಿರಕ್ಕೆ. ಹಗಲು ಮಾತು, ಸಂಜೆ ನಾಟಕ. ಕೆಲವು ಉಪನ್ಯಾಸ ಭಾರ ಅನ್ನಿಸಿ ತೂಕಡಿಸಿದ್ದೂ ಉಂಟು. ಆದರೆ ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಮಾರನೇ ಬೆಳಿಗ್ಗೆ ಎಲ್ಲರೂ ಕೂತು ಮಾತಾಡ್ತಾರಲ್ಲ, ಅದಕ್ಕಾಗಿಯೇ ಇಲ್ಲಿಗೆ ಬರಬೇಕು.

ರಾಜನೊಬ್ಬನ ಕಥೆ ಆಡಿದ್ದರು. ಕಾಲೇಜು ಹುಡುಗಿಯೊಬ್ಬಳು ಎದ್ದು, ರಾಜನ ಕ್ರೌರ್ಯವನ್ನು ನಾಟಕ ಮೆದುವಾಗಿ ತೋರಿಸಿತು, ನಿರ್ದೇಶಕರು ಹೆದರಿದರು ಅಂದಳು. ಹಿಂದಿನ ಸಾಲಿನ ಹಿರಿಯರೊಬ್ಬರು, "ತಂಗಿ, ಅವನನ್ನ ಪಟ್ಟಕ್ಕೆ ಕೂರಿಸಿದ ಪ್ರಜೆಗಳು ಚಪ್ಪಾಳೆ ತಟ್ಟಿದ್ದು ನೋಡಿದ್ಯಾ? ನಂಗೆ ಹೆದರಿಕೆ ಆಗಿದ್ದು ಅಲ್ಲಿ" ಅಂದರು. ಅವಳು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ನಿರ್ದೇಶಕರು ಅಲ್ಲೇ ಕೂತು ಟಿಪ್ಪಣಿ ಮಾಡಿಕೊಳ್ತಾ ಇದ್ದರು. ಮಧ್ಯಾಹ್ನ ಊಟದ ಸಾಲಿನಲ್ಲೂ ಇವರಿಬ್ಬರ ವಾದ ನಡೆದೇ ಇತ್ತು.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಕಳೆದ ಚುನಾವಣೆ ಹೊತ್ತಿಗೆ ಎರಡಾಯಿತು. ಈಗಲೂ ಲಿಫ್ಟಿನಲ್ಲಿ ಕೆಲವರು ಮುಖ ನೋಡಲ್ಲ. ನಮಗೆ ವೋಟು ಹಾಕೋದು ಗೊತ್ತು, ಬ್ಲಾಕ್ ಮಾಡೋದೂ ಗೊತ್ತು. ಅವೆರಡರ ನಡುವಿನ ಕೆಲಸ, ಅಂದರೆ ಒಪ್ಪದವನ ಮಾತನ್ನು ಪೂರ್ತಿ ಕೇಳಿ ಆಮೇಲೆ ಜಗಳಾಡೋದು, ಅದನ್ನು ನಮಗೆ ಕಲಿಸಿದವರು ಯಾರು? ನಾಟಕ ಇದಕ್ಕೆ ಒಂದು ಅನುಕೂಲ ಮಾಡಿಕೊಡುತ್ತೆ. ಜಗಳ ಕಥೆಯ ರಾಜನ ಮೇಲೆ, ಪಕ್ಕದ ಮನೆಯವನ ಮೇಲಲ್ಲ. ಹಾಗಾಗಿ ಮನಸ್ಸಿನಲ್ಲಿರೋದನ್ನು ಹೇಳಬಹುದು.

ಒಂದು ತಕರಾರೂ ಇದೆ. ಶಿಬಿರಕ್ಕೆ ರಜೆ ಹಾಕಿ, ಶುಲ್ಕ ಕಟ್ಟಿ ಬರೋರಲ್ಲಿ ಹೆಚ್ಚಿನವರು ನನ್ನಂಥವರೇ, ಪುಸ್ತಕ ಓದುವವರು. ಆ ಲೆಕ್ಕದಲ್ಲಿ 1985ರಲ್ಲಿ ಶುರುವಾದ ‘ತಿರುಗಾಟ’ವೇ ನನಗೆ ದೊಡ್ಡದು ಅನ್ನಿಸುತ್ತೆ. ಯಕ್ಷಗಾನ ಮೇಳಗಳ ಸಂಚಾರಕ್ಕೆ ಇರುವ ಹೆಸರು ಅದು. ನಟರು ಸೆಟ್ಟು, ದೀಪ, ವೇಷ ಎಲ್ಲ ಹೇರಿಕೊಂಡು ಊರೂರಿಗೆ ಹೋಗ್ತಾರೆ. ಅಲ್ಲಿ ಎಲ್ಲ ಪಕ್ಷದವರೂ ಒಂದೇ ಕತ್ತಲಲ್ಲಿ ಕೂರಬೇಕು.

ತಿರುಗಾಟ ನಿಮ್ಮ ಊರ ಕಡೆ ಬಂದರೆ ಹೋಗಿ. ಮುಗಿದ ತಕ್ಷಣ ಕ್ಯಾಬ್ ಬುಕ್ ಮಾಡಬೇಡಿ. ಹೊರಗೆ ಟೀ ಅಂಗಡಿ ಹತ್ತಿರ ಒಂದು ಹತ್ತು ನಿಮಿಷ ನಿಂತಿರಿ.